ಸಹಾಯ ಬೇಕು: ವುಹಾನ್‌ನಲ್ಲಿ ವೀಚಾಟ್ ಪೇ ಒದ್ದಾಟ

ಎಲ್ಲರಿಗೂ ನಮಸ್ಕಾರ. ನಾನು ಓದಲು ಚೀನಾದ ವುಹಾನ್‌ಗೆ ಬಂದು ಮೂರು ವಾರ ಆಯಿತು. ಪೊಲೀಸ್ ನೋಂದಣಿ, ಸಿಮ್ ಎಲ್ಲಾ ಆಗಿದೆ. ತಲೆನೋವು ಇರುವುದು ದುಡ್ಡಿನದು. ಇಲ್ಲಿ ಹಣ್ಣಿನ ಗಾಡಿಯವರೂ ಕ್ಯೂಆರ್ ಕೋಡ್ ತೋರಿಸುತ್ತಾರೆ, ಥೇಟ್ ನಮ್ಮೂರಿನ ಹಾಗೇ. ಆದರೆ ನನ್ನ ವೀಚಾಟ್‌ಗೆ (ಇಲ್ಲಿನ ಚಾಟ್ ಆ್ಯಪ್, ದುಡ್ಡು ಕೊಡುವುದೂ ಇದರಲ್ಲೇ) ಇಲ್ಲಿನ ಬ್ಯಾಂಕ್ ಕಾರ್ಡ್ ಸೇರುತ್ತಿಲ್ಲ. ಹೆಸರು ತಾಳೆಯಾಗದ್ದೇ ಕಾರಣ ಅನಿಸುತ್ತದೆ. ಪಾಸ್‌ಪೋರ್ಟ್‌ನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಸೇರಿ ರೈಲಿನಷ್ಟು ಉದ್ದ ಇದೆ. ಬ್ಯಾಂಕಿನವರು ನಡುವೆ ಜಾಗ ಬಿಡದೆ ಬರೆದಿದ್ದಾರೆ, ಸಿಮ್‌ನಲ್ಲಿ ಹಿಂದುಮುಂದು. ಬ್ಯಾಂಕಿಗೇ ಹೋಗಿ ಸರಿ ಮಾಡಿಸಬೇಕಾ? ಇಲ್ಲಾ ಆ್ಯಪ್‌ನಲ್ಲಿ ಬ್ಯಾಂಕಿನಲ್ಲಿರುವ ಹಾಗೇ ಟೈಪ್ ಮಾಡಿದರೆ ಸಾಕಾ?

ಇನ್ನೊಂದು ವಿಷಯ. ನಾನು ಸಸ್ಯಾಹಾರಿ. ಅದನ್ನೇ ಚೀನಿ ಭಾಷೆಯಲ್ಲಿ ‘ವೋ ಚಿ ಸು’ ಅಂತ ಹೇಳಿದೆ. ಕ್ಯಾಂಟೀನ್ ಆಂಟಿ ನಗುತ್ತಾ ತೋಫು ಬಡಿಸಿದರು, ಮೇಲೆ ಕೊಚ್ಚಿದ ಹಂದಿಮಾಂಸ! ಮಾಂಸ, ಮೊಟ್ಟೆ ಎರಡೂ ಬೇಡ ಅನ್ನುವ ಸಾಲನ್ನು ಯಾರಾದರೂ ಚೀನಿ ಲಿಪಿಯಲ್ಲಿ ಬರೆದು ಕಳಿಸುತ್ತೀರಾ? ಫೋನಿನಲ್ಲಿ ತೋರಿಸುತ್ತೇನೆ.