ಶೆಟ್ರ ಫಿಯಟ್ಟಿಗೆ ಮಾರುತಿಯ ರ‍್ಯಾಕು

ಹಳೇ ಕಾರು ಸಾಕುವವರಿಗೆ ಮಂಡೆ ಬಿಸಿ ಆಗುವ ಸೀಸನ್ ಒಂದುಂಟು. ಮಳೆ ಬಿಟ್ಟ ಮೇಲೆ, ರಸ್ತೆಯ ಹೊಂಡ ಮುಚ್ಚುವ ಮೊದಲು. ನಮ್ಮ ಮಂಗಳೂರಿನ ಶೆಟ್ರಿಗೆ ಈ ಸಲ ಅದು ಸ್ಟೀರಿಂಗಿನ ರೂಪದಲ್ಲಿ ಬಂತು.

"ಆ ಸ್ಟೀರಿಂಗ್ ಬಾಕ್ಸಿನ ಡಬ್ಬ ತೆಗೆದು ಬಿಸಾಡುದೇ," ಎಂದರು, ಗೋಳಿಬಜೆಯನ್ನು ಚಟ್ನಿಯಲ್ಲಿ ಮುಳುಗಿಸುತ್ತಾ. "ರ‍್ಯಾಕ್ ಆಂಡ್ ಪಿನಿಯನ್ ಹಾಕುದು."

ಭಟ್ರಿಗೆ ಎಡಗಿವಿ ಸ್ವಲ್ಪ ಮಂದ. "ಒಪಿನಿಯನ್ನಾ? ಅದನ್ನು ಹೊರಗಿಂದ ಯಾಕೆ ತರ್ತೀರಿ? ಈ ಮೇಜಲ್ಲೇ ಬೇಕಾದಷ್ಟು ಉಂಟಲ್ಲ."

ಶೆಟ್ರದ್ದು 1971ರ ಫಿಯಟ್ 1100 ಡಿಲೈಟ್. ಅವರಪ್ಪ ತೆಗೆದದ್ದು. ಮನೆಯಲ್ಲಿ ಹೆಂಡತಿ ಮಾತು ಕೇಳದಿದ್ದರೂ ನಡೆದೀತು, ಕಾರಿಗೆ ಬೆನ್ನು ಹಾಕಿ ಮಲಗುವವರಲ್ಲ ಅವರು. ಈಗ ಅದೇ ಕಾರಿನ ಮೇಲೆ ದೂರು: ಸ್ಟೀರಿಂಗ್ ಚಕ್ರ ಎಷ್ಟು ಆಡಿಸಿದ್ರೂ ಮುಂದಿನ ಟಯರಿಗೆ ಸುದ್ದಿ ಮುಟ್ಟುದಿಲ್ಲ.

"ನಂತೂರಿನಲ್ಲಿ ತಿರುಗಿಸಿದ್ದು ಪಂಪ್‌ವೆಲ್ಲಿನಲ್ಲಿ ತಿರುಗ್ತದೆ ಮಾರಾಯ್ರೆ. ಹಾಗಾಗಿ ಬಂದರಿನ ಗುಜರಿಯಿಂದ ಮಾರುತಿ 800ರ ರ‍್ಯಾಕ್ ತಂದೆ. ಡಿಕ್ಕಿಯಲ್ಲಿ ಉಂಟು. ಬೆಸುಗೆ ಹಾಕಿದ್ರೆ ಆಯ್ತು."

"ಅದೆಂತದು ರ‍್ಯಾಕು?" ಭಟ್ರು ಕೇಳಿದರು.

ಇದಕ್ಕೇ ಕಾದಿದ್ದರು ಮೇಷ್ಟ್ರು. ರಿಟೈರ್ ಆದರೂ ಫಿಸಿಕ್ಸ್ ಅವರನ್ನು ಬಿಟ್ಟಿಲ್ಲ. ತಲೆಯಲ್ಲಿ ಕೂದಲಿಲ್ಲ, ಆದರೆ ಕಿಸೆಯಲ್ಲಿ ಬಾಚಣಿಗೆ ಉಂಟು. ಅದನ್ನು ತೆಗೆದು ಮೇಜಿನ ಮೇಲೆ ಅಡ್ಡ ಇಟ್ಟರು. "ಇದು ರ‍್ಯಾಕ್. ಹಲ್ಲಿರುವ ಒಂದು ಸರಳು. ಸ್ಟೀರಿಂಗ್ ಶಾಫ್ಟಿನ ತುದಿಯಲ್ಲಿ ಸಣ್ಣ ಗೇರ್, ಅದು ಪಿನಿಯನ್. ಪಿನಿಯನ್ ಉರುಳಿದ್ರೆ ಬಾಚಣಿಗೆ ಆಚೀಚೆ ಜಾರ್ತದೆ. ಎರಡೂ ತುದಿಯ ಟೈ ರಾಡು ಚಕ್ರವನ್ನು ತಿರುಗಿಸ್ತದೆ. ಮುಗೀತು. ಫಿಯಟ್ಟಿನಲ್ಲಿ ಹಾಗಲ್ಲ. ಬಾಕ್ಸಿನೊಳಗೆ ಸ್ಕ್ರೂವಿನ ಹಾಗಿರುವ ವರ್ಮ್, ಅದರಿಂದ ಒಂದು ತೋಳು, ತೋಳಿಂದ ಮಧ್ಯದ ರಾಡು, ಆಚೆ ಬದಿಯಲ್ಲಿ ಐಡ್ಲರ್ ಆರ್ಮ್, ಮತ್ತೆ ಟೈ ರಾಡು. ಎಷ್ಟು ಜಾಯಿಂಟೋ ಅಷ್ಟು ಕಡೆ ಪ್ಲೇ, ಅಂದ್ರೆ ಸಡಿಲ."

"ನಾನು ಹೇಳಿದ್ದೂ ಅದನ್ನೇ," ಎಂದರು ಶೆಟ್ರು. ಅವರು ಹೇಳಿದ್ದು ಡಬ್ಬ ಬಿಸಾಡುದು ಅಂತ ಮಾತ್ರ.

ಅಷ್ಟೊತ್ತಿಗೆ ಬಾಬಣ್ಣ ಬಂದ. ಯೆಯ್ಯಾಡಿಯಲ್ಲಿ ಗ್ಯಾರೇಜು. ಚಾ ಬರುವ ತನಕ ಬಾಯಿ ಬಿಡುವ ಕ್ರಮ ಇಲ್ಲ. ಚಾ ಬಂದ ಮೇಲೆ ಕೇಳಿದ: "ರ‍್ಯಾಕ್ ಎಲ್ಲಿ ಕೂರಿಸುದು ಶೆಟ್ರೇ?"

"ಕೆಳಗೆ."

"ಕೆಳಗೆ ಹೌದು. ಮುಂದೆಯಾ ಹಿಂದೆಯಾ? ಮಾರುತಿಯ ರ‍್ಯಾಕ್ ಇರುದು ಚಕ್ರದ ಸೆಂಟರಿಗಿಂತ ಹಿಂದೆ. ಅಲ್ಲಿ ಎಂಜಿನ್ನಿನ ಅಡಿಯ ಆಯಿಲ್ ತಟ್ಟೆಗೆ ತಾಗ್ತದೆ ಅಂತ ಅದನ್ನೇ ಮುಂದೆ ಕಟ್ಟಿದ್ರಿ ಅಂತಿಟ್ಟುಕೊಳ್ಳಿ. ಬಲಕ್ಕೆ ತಿರುಗಿಸಿದ್ರೆ ಕಾರು ಎಡಕ್ಕೆ ಹೋಗ್ತದೆ."

"ಕನ್ನಡಿ ನೋಡಿಕೊಂಡು ಓಡಿಸಿದ್ರೆ ಸಮ ಆಗ್ತದೆ," ಎಂದರು ಭಟ್ರು.

ಬಾಬಣ್ಣ ನಗಲಿಲ್ಲ. ಅವನಿಗೆ ಇನ್ನೂ ಹೇಳ್ಲಿಕ್ಕಿತ್ತು. ಚಕ್ರ ಹೊಂಡಕ್ಕೆ ಇಳಿದು ಹತ್ತುವಾಗ ಸಸ್ಪೆನ್ಶನ್ನಿನ ಆರ್ಮು ಒಂದು ಕಮಾನಿನಲ್ಲಿ ಆಡ್ತದಂತೆ, ಟೈ ರಾಡು ಇನ್ನೊಂದು ಕಮಾನಿನಲ್ಲಿ. ಎರಡೂ ಹೊಂದಬೇಕಾದರೆ ರ‍್ಯಾಕಿನ ತುದಿಯ ಜಾಯಿಂಟು, ಮೇಲಿನ ಆರ್ಮು ಆಡುವ ಕೀಲಿಗೂ, ಅಂದ್ರೆ ಪಿವಟ್ಟಿಗೂ, ಕೆಳಗಿನ ಆರ್ಮಿನ ಪಿವಟ್ಟಿಗೂ ಎಳೆದ ಗೆರೆಯ ಮೇಲೆ ಬರಬೇಕು. ಬರದಿದ್ದರೆ ಪ್ರತಿ ಹೊಂಡದಲ್ಲೂ ಟೈ ರಾಡು ಚಕ್ರವನ್ನು ಎಳೀತದೆ, ಇಲ್ಲವೇ ದೂಡ್ತದೆ. ನೀವು ಸ್ಟೀರಿಂಗ್ ಮುಟ್ಟದಿದ್ದರೂ ಕಾರು ತಿರುಗ್ತದೆ. ಇದಕ್ಕೆ ಬಂಪ್ ಸ್ಟೀರ್ ಅಂತ ಹೆಸರು. ಮಾರುತಿಯ ರ‍್ಯಾಕಿನ ಅಗಲ ಮಾರುತಿಗೆ ಅಳೆದು ಮಾಡಿದ್ದು. ಕೂಳೂರು ಸೇತುವೆ ಕಡೆ ಮಳೆಗಾಲದಲ್ಲಿ ಹೋಗಿ ಬಂದವರಿಗೆ ಮುಂದಿನದ್ದನ್ನು ನಾನು ವಿವರಿಸಬೇಕಾಗಿಲ್ಲ. ಸುರತ್ಕಲ್ಲಿಗೆ ಹೊರಟವರು ಎಲ್ಲಿ ಮುಟ್ಟಬೇಕು ಅಂತ ಹೊಂಡಗಳೇ ತೀರ್ಮಾನ ಮಾಡ್ತವೆ.

"ಅದೂ ಅಲ್ಲದೆ," ಬಾಬಣ್ಣ ಚಾ ಮುಗಿಸಿದ, "ಮಾರುತಿ ಸುಮಾರು 650 ಕಿಲೋ. ನಿಮ್ಮದು 900ರ ಹತ್ತಿರ. ರ‍್ಯಾಕಿನಲ್ಲಿ ಸ್ಟೀರಿಂಗ್ ಬೇಗ ತಿರುಗ್ತದೆ, ಆದ್ರೆ ನಿಂತಲ್ಲಿ ತಿರುಗಿಸುವಾಗ ಭಾರ. ಹೊಂಡದ ಪೆಟ್ಟೂ ನೇರ ಕೈಗೇ ಬರ್ತದೆ. ನಿಮ್ಮ ಭುಜನೋವು ಹೇಗುಂಟು ಈಗ?"

ಶೆಟ್ರು ಭುಜ ಮುಟ್ಟಿ ನೋಡಿಕೊಂಡರು.

ನಾನೂ ಒಂದು ಮಾತು ಹಾಕಿದೆ. ಈಗಿನ ಸಣ್ಣ ಕಾರುಗಳಲ್ಲಿ ಸ್ಟೀರಿಂಗ್ ಕಂಬಕ್ಕೇ ಎಲೆಕ್ಟ್ರಿಕ್ ಮೋಟರು ಕಟ್ಟಿರ್ತಾರಲ್ಲ, ಅದನ್ನೂ ಸೇರಿಸಿದರೆ ಹಗುರ ಆಗ್ಲಿಕ್ಕಿಲ್ವಾ ಅಂತ.

"ಆಗ್ತದೆ. ಆದ್ರೆ ಫಿಯಟ್ಟಿನ ಗೇರ್ ಲಿವರೂ ಆ ಕಂಬದಲ್ಲೇ ಉಂಟು. ಮೋಟರು ಕೂತ್ರೆ ಗೇರ್ ಎಲ್ಲಿಗೆ? ನೆಲಕ್ಕೆ ಇಳಿಸಿದ್ರೆ ಮುಂದಿನ ಉದ್ದ ಸೀಟು ಕೊಯ್ಯಬೇಕು. ಸೀಟು ಕೊಯ್ದ ಮೇಲೆ..."

"ಸೀಟಿಗೆ ಕೈ ಹಾಕ್ಬೇಡ!" ಶೆಟ್ರು ಗದರಿದರು. ಆ ಸೀಟಿನಲ್ಲಿ ಅವರ ದಿಬ್ಬಣ ಹೋದದ್ದು.

ಪೈ ಮಾಮ್ ಇಷ್ಟರವರೆಗೆ ಬನ್ಸ್ ತಿನ್ನುವುದರಲ್ಲಿದ್ದರು. ಆರ್‌ಟಿಒ ಕಾಗದ ಪತ್ರದಲ್ಲಿ ಜೀವನ ಕಳೆದವರು, ಕಾಗದದ ಮಾತು ಬರುವ ತನಕ ಕಾಯ್ತಾರೆ. ಬರದಿದ್ದರೆ ತಾವೇ ತರ್ತಾರೆ. "ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 52. ಕಂಪೆನಿ ಮಾಡಿದ್ದಕ್ಕೂ ಆರ್‌ಸಿ ವಿವರಕ್ಕೂ ಹೊಂದದ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. ಅದಿರಲಿ. ನಿಮ್ಮ ಕಾರಿಗೆ 50 ವರ್ಷ ದಾಟಿತಲ್ಲ? 2021ರ ನಿಯಮದಲ್ಲಿ ವಿಂಟೇಜ್ ರಿಜಿಸ್ಟ್ರೇಶನ್ ಸಿಗ್ತದೆ. 20,000 ರೂಪಾಯಿ ಫೀಸು, ನಂಬರಿನ ಮಧ್ಯೆ ವಿಎ ಅಂತ ಬರ್ತದೆ. ಆದ್ರೆ ಚಾಸಿಗೆ ಬ್ರಾಕೆಟ್ ಬೆಸುಗೆ ಹಾಕಿದ್ರೆ ಅದಕ್ಕೆ ಕಲ್ಲು."

ಶೆಟ್ರ ಮುಖ ಅರಳಿತು. ವಿಎ ಅಂತ ನಂಬರ್ ಪ್ಲೇಟಿನಲ್ಲಿ! "ಮಾಡಿಸುವ ಮಾಮ್!"

"ಮಾಡಿಸುವ. ಆಮೇಲೆ ದಿನಾ ಓಡಿಸ್ಲಿಕ್ಕಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಮಾತ್ರ."

"ಮೀನಿಗೆ?"

"ಮೀನು ಲಿಸ್ಟಿನಲ್ಲಿಲ್ಲ."

ವಿಎ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಬಂದರ್ ದಕ್ಕೆಗೆ ಹೋಗದ ಕಾರು ಶೆಟ್ರ ಪಾಲಿಗೆ ಕಾರೇ ಅಲ್ಲ. ಹಾಗಂತ ರ‍್ಯಾಕಿನ ಆಸೆ ಬಿಟ್ಟರೆಂದಲ್ಲ. "ಕಾಯ್ದೆ ಪೀಯ್ದೆ ಇರಲಿ. ಕಾಲಕ್ಕೆ ತಕ್ಕ ಹಾಗೆ ಆಗ್ಬೇಕಲ್ಲ? ಇಲ್ಲದಿದ್ರೆ ನಮ್ಮ ಭಾವನ ಅಂಬಾಸಿಡರಿಗೂ ಇದಕ್ಕೂ ಎಂತ ವ್ಯತ್ಯಾಸ?"

ಶೆಟ್ರ ಭಾವ ಉಡುಪಿ ಅಂಬಲಪಾಡಿಯವರು. ಮದುವೆ, ಉತ್ತರಕ್ರಿಯೆಯ ಬೊಜ್ಜ, ಭೂತದ ಕೋಲ, ಯಾವುದಕ್ಕೆ ಸೇರಿದರೂ ಇವರಿಬ್ಬರದ್ದು ಇದೇ ಜಗಳ. ಅಂಬಾಸಿಡರ್ ಎತ್ತಿನಗಾಡಿ ಅಂತ ಶೆಟ್ರು, ಫಿಯಟ್ ಬೆಂಕಿಪೊಟ್ಟಣ ಅಂತ ಭಾವ.

"ವ್ಯತ್ಯಾಸ ಉಂಟು," ಎಂದ ಬಾಬಣ್ಣ, ಮೇಜಿನ ಮೇಲಿನ ಬಾಚಣಿಗೆ ನೋಡುತ್ತಾ. "ಅಂಬಾಸಿಡರಿನಲ್ಲಿ ಇರುದು ರ‍್ಯಾಕ್ ಆಂಡ್ ಪಿನಿಯನ್ನೇ."

"ಯಾವಾಗಿಂದ?"

"ಹುಟ್ಟಿದಂದಿನಿಂದ."

ಶೆಟ್ರು ಮೇಷ್ಟ್ರ ಕಡೆ ತಿರುಗಿದರು, ಸುಳ್ಳು ಅಂತ ಹೇಳ್ಲಿ ಅಂತ. ಮೇಷ್ಟ್ರಿಗೆ ದಯೆ ದಾಕ್ಷಿಣ್ಯ ಕಡಿಮೆ. "ಹೌದು ಹೌದು. ಅದು ಮಾರಿಸ್ ಆಕ್ಸ್‌ಫರ್ಡ್ ಅನ್ನುವ ಇಂಗ್ಲಿಷ್ ಕಾರಿನ ಪಡಿಯಚ್ಚು. ಅದಕ್ಕೂ ಮೊದಲು 1948ರ ಮಾರಿಸ್ ಮೈನರಿಗೇ ರ‍್ಯಾಕ್ ಇತ್ತು. ಇಸಿಗೋನಿಸ್ ಅನ್ನುವ ಎಂಜಿನಿಯರ್ ಮಾಡಿದ ಕಾರು. 2014ರಲ್ಲಿ ಬಂಗಾಳದ ಉತ್ತರಪಾರಾದಲ್ಲಿ ನಿಲ್ಲಿಸುವ ತನಕ ಅಂಬಾಸಿಡರು ಅದನ್ನು ಬಿಟ್ಟಿಲ್ಲ."

"ಹಾಗಾದ್ರೆ ನಾನು ದುಡ್ಡು ಸುರಿದು," ಶೆಟ್ರು ನಿಧಾನಕ್ಕೆ ಲೆಕ್ಕ ಹಾಕಿದರು, "ಈ ಕಾರನ್ನು ಭಾವನ ಕಾರಿನ ಲೆವೆಲ್ಲಿಗೆ ತರ್ಲಿಕ್ಕೆ ಹೊರಟದ್ದಾ?"

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಭಟ್ರು ಮಾತ್ರ ಇನ್ನೊಂದು ಪ್ಲೇಟ್ ಗೋಳಿಬಜೆ ಹೇಳಿದರು, ಶೆಟ್ರ ಲೆಕ್ಕದಲ್ಲಿ.

ಬಾಬಣ್ಣ ಎದ್ದ. "ಬನ್ನಿ, ಮೊದಲು ಕಾರು ನೋಡುವ. ಜಾಕ್ ಎಲ್ಲ ಬೇಡ, ಚಕ್ರ ನೆಲದ ಮೇಲೇ ಇರಲಿ."

ಭಟ್ರನ್ನು ಸ್ಟೀರಿಂಗಿಗೆ ಕೂರಿಸಿದ. ಎಂಜಿನ್ ಆಫ್. ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಲ್ಲಾಡಿಸ್ತಾ ಇರಬೇಕು, ಅಷ್ಟೇ ಕೆಲಸ. ಬಾಬಣ್ಣ ಪೇಪರ್ ಹಾಸಿ ಅಡಿಗೆ ಹೋಗಿ ಒಂದೊಂದು ಜಾಯಿಂಟಿನ ಮೇಲೂ ಬೆರಳಿಟ್ಟ. ನಾನು ಮೊಬೈಲಿನ ಟಾರ್ಚ್ ಹಿಡಿದು ಬಗ್ಗಿದೆ. ಬಾಕ್ಸಿನಿಂದ ಬರುವ ತೋಳು ಭಟ್ರ ಕೈಯ ಜೊತೆಯಲ್ಲೇ ಆಡುತ್ತಿತ್ತು, ಹೆಚ್ಚು ತಡವಿಲ್ಲ. ಎಡಬದಿಯ ಐಡ್ಲರ್ ಆರ್ಮ್ ಮಾತ್ರ ಮೊದಲು ಮೇಲೆ ಎದ್ದು, ಕೆಳಗೆ ಕೂತು, ಆಮೇಲೆ ಬದಿಗೆ ಹೋಗುತ್ತಿತ್ತು. ಅದರ ಕೀಲಿನೊಳಗಿನ ಬಳೆ, ಬುಶ್, ಇದ್ದ ಜಾಗದಲ್ಲಿ ಕಪ್ಪು ಪುಡಿ. ಟೈ ರಾಡಿನ ಒಂದು ತುದಿಯಲ್ಲಿ ರಬ್ಬರ್ ಹರಿದು ಒಳಗೆ ಕೆಂಪುಮಣ್ಣು. ಮುಂದಿನ ಚಕ್ರ ಎಡಬಲ ತಿರುಗುವ ಗೂಟ, ಕಿಂಗ್ ಪಿನ್ನು, ಅದರ ಗ್ರೀಸ್ ನಿಪ್ಪಲನ್ನು ಬಾಬಣ್ಣ ಉಗುರಲ್ಲಿ ಕೆರೆದ. ಮಣ್ಣು ಉದುರಿ ನಿಪ್ಪಲು ಕಂಡಿತು.

"ಇದಕ್ಕೆ ಗ್ರೀಸ್ ಗನ್ ಯಾವಾಗ ಹಿಡಿದದ್ದು?"

"ಅಪ್ಪ ಇರುವಾಗ," ಎಂದರು ಶೆಟ್ರು.

"ಬಾಕ್ಸಿನ ಅಡ್ಜಸ್ಟ್ ಸ್ಕ್ರೂ ಯಾರು ಬಿಗಿದದ್ದು?"

ಶೆಟ್ರು ಆಕಾಶ ನೋಡಿದರು.

"ಕಾರು ನೇರ ಓಡುದೇ ಜಾಸ್ತಿ. ಹಾಗಾಗಿ ವರ್ಮ್ ಸವೆಯುದು ಮಧ್ಯದಲ್ಲಿ. ಅಲ್ಲಿನ ಪ್ಲೇ ತೆಗೆಯುವ ಅಂತ ಬಿಗಿದ್ರೆ ಸವೆಯದ ಬದಿಗೆ ಹೋದಾಗ ಹಿಡೀತದೆ. ಬೆಂದೂರ್‌ವೆಲ್ ತಿರುವಿನಲ್ಲಿ ಸ್ಟೀರಿಂಗ್ ವಾಪಸ್ ಬಾರದಿರ್ಲಿಕ್ಕೂ ಇದೇ ಕಾರಣ. ಬುಶ್, ಟೈ ರಾಡ್ ಎಂಡ್, ಕಿಂಗ್ ಪಿನ್ ಕಿಟ್, ಬಾಕ್ಸಿಗೆ 90 ನಂಬರಿನ ಆಯಿಲ್, ಆಮೇಲೆ ಅಲೈನ್‌ಮೆಂಟ್. ಸೋಮವಾರ ಬಿಟ್ಟು ಹೋಗಿ."

ನನಗೂ ಬಾಬಣ್ಣನ ಮಾತೇ ಸರಿ ಕಂಡಿತು. ಅಳತೆ ತೆಗೆದು, ಸಸ್ಪೆನ್ಶನ್ನೇ ಹೊಸತಾಗಿ ಕೂರಿಸುವ ತಾಕತ್ತಿದ್ದವರಿಗೆ ರ‍್ಯಾಕ್ ಆದೀತು. ಮೀನಿಗೆ ಹೋಗಿ ಬರುವ ಗಾಡಿಗೆ ಗ್ರೀಸ್ ಹೊಡೆಯದೆ ಆಪರೇಶನ್ ಮಾಡಿಸುದು ಅಂಡೆಪಿರ್ಕಿ ಕೆಲಸ. ಆದರೆ ಗ್ರೀಸ್ ಹೊಡೆಸಿದ್ದೇನೆ ಅಂತ ಬೊಜ್ಜದ ಊಟದಲ್ಲಿ ಹೇಳಿಕೊಳ್ಳುವುದು ಹೇಗೆ, ಶೆಟ್ರ ಕಷ್ಟ ಅದು.

"ಆಯ್ತು. ಆದ್ರೆ ಒಂದು," ಶೆಟ್ರು ನಮ್ಮೆಲ್ಲರ ಕಡೆ ಬೆರಳು ತೋರಿಸಿದರು. "ಅಂಬಾಸಿಡರಿಗೆ ರ‍್ಯಾಕ್ ಇರುದು ಭಾವನಿಗೆ ಗೊತ್ತಿಲ್ಲ. ಗೊತ್ತಾಗ್ಲಿಕ್ಕೂ ಬಾರದು."

ಭಟ್ರು ಸ್ಟೀರಿಂಗ್ ಬಿಟ್ಟು ಮೊಬೈಲ್ ಹಿಡಿದಿದ್ದರು. ಅವರಿಗೂ ಶೆಟ್ರ ಭಾವನಿಗೂ ಯಕ್ಷಗಾನದ ಗ್ರೂಪಿನಲ್ಲಿ ಪರಿಚಯ.

"ಎಂತ ಹೇಳಿದ್ರಿ? ಈ ಕಿವಿಯಲ್ಲಿ ಕೇಳುದಿಲ್ಲ," ಎಂದರು. "ಮತ್ತೆ ಶೆಟ್ರೇ, ಡಿಕ್ಕಿಯಲ್ಲಿರುವ ರ‍್ಯಾಕ್ ಎಷ್ಟಕ್ಕೆ ಕೊಡ್ತೀರಿ ಅಂತ ನಿಮ್ಮ ಭಾವ ಕೇಳ್ತಿದ್ದಾರೆ. ಅವರಿಗೆ ಬೇಡವಂತೆ. ಸುಮ್ಮನೆ ಕೇಳಿದ್ದಂತೆ."