ಈ ವಾರದ ಸಮಸ್ಯೆ: ಮಲಗಿ ನೀರು ಕೊಟ್ಟ ಬಾವಿ

ಎಣ್ಮಕಜೆಯಿಂದ:
ಎಲ್ಲರಿಗೂ ನಮಸ್ಕಾರ. ಭಾಮಿನಿ ಷಟ್ಪದಿಯ ಕೊನೆ ಸಾಲು ಕೊಡುತ್ತೇನೆ, ಅದಕ್ಕೆ ಹೊಂದುವ ಮೇಲಿನ ಐದು ಸಾಲು ನೀವು ಕಟ್ಟಬೇಕು. ಪ್ರತಿ ಸಾಲಿನ ಮೊದಲಕ್ಷರ ಲಘು, ಎರಡನೆಯದು ‘ಲ’, ಪ್ರಾಸ ಬಿಡಬೇಡಿ.

ಮಲಗಿ ನೀರನು ಕೊಟ್ಟ ಬಾವಿಯ ಕಂಡು ಬೆರಗಾದೆ

ಬಾವಿ ಮಲಗುವುದುಂಟಾ? ಅದೇ ಸಮಸ್ಯೆ. ಪೂರ್ತಿ ಆಗದಿದ್ದರೆ ಕೊನೆಯ ಮೂರು ಸಾಲಾದರೂ ಸಾಕು.

ಬೆಂಗಳೂರಿಂದ:
ಹಾಸಿಗೆ ಹಿಡಿದಿರುವ ಅಮ್ಮನ ನೆನಪಲ್ಲಿ ಬರೆದೆ ಅಣ್ಣಾ. ಮೂರೇ ಸಾಲು.

ಎಲುಬು ಸವೆದರು ಮಗನ ಕಂಡರೆ
ಒಲವ ಕಣ್ಣಲಿ ಸುರಿವ ತಾಯೊಳು
ಮಲಗಿ ನೀರನು ಕೊಟ್ಟ ಬಾವಿಯ ಕಂಡು ಬೆರಗಾದೆ

ಬಾಯಾರಿನಿಂದ:
ಅಕ್ಕಾ, ತುಂಬ ಚೆಂದ ಉಂಟು. ಆದರೆ ನನಗೆ ಈ ಸಾಲಲ್ಲಿ ಸಮಸ್ಯೆಯೇ ಕಾಣಲಿಲ್ಲ, ಯಾಕೆಂದರೆ ನಮ್ಮ ಮನೆ ಹಿಂದಿನ ಗುಡ್ಡದೊಳಗೆ ಅಂಥ ಬಾವಿ ಮಲಗಿಯೇ ಇದೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ ಅದು, ನಮ್ಮ ಕಾಸರಗೋಡಿನ ಕಡೆ ಸುರಂಗ ಅನ್ನುತ್ತೇವೆ.

ಮಲೆಯ ಮೈಯಲಿ ಬಗ್ಗಿ ನಡೆಯುತ
ನೆಲಕೆ ಸಮನಾಗೊಂದು ದಾರಿಯ
ಛಲದಿ ಕೊರೆದವನಜ್ಜ ಹಣತೆಯ ಬೆಳಕ ನಂಬುತ್ತ
ಬಲದ ಗೋಡೆಯೊಳೊಸರಿದೊರತೆಯು
ಸಲಿಗೆಯಿಂದಲಿ ದಂಬೆಗಿಳಿಯಲು
ಮಲಗಿ ನೀರನು ಕೊಟ್ಟ ಬಾವಿಯ ಕಂಡು ಬೆರಗಾದೆ

ಮುರಕಲ್ಲಿನೊಳಗೆ ಒಬ್ಬ ಹೋಗುವಷ್ಟೇ ಜಾಗ. ಒಳಗೆ ಹೋದ ಹಾಗೆ ಗಾಳಿ ಕಡಿಮೆ, ದೀಪ ನಂದಿದರೆ ಕೆಲಸ ಬಿಟ್ಟು ಹೊರಗೆ ಬರಬೇಕು. ಪಂಪು ಬೇಡ, ನೀರು ತಾನಾಗಿ ಹರಿದು ದಂಬೆಯಲ್ಲಿ, ಅಂದರೆ ಅಡಿಕೆ ಮರದ ಕೊಳವೆಯಲ್ಲಿ, ತೊಟ್ಟಿಗೆ ಬೀಳುತ್ತದೆ.

ಬೆಂಗಳೂರಿಂದ:
ಹಾಗಾದರೆ ನಿಮಗೆ ಇದು ಬರೀ ವರದಿ, ನಾನು ಸುಮ್ನೆ ಅಲಂಕಾರ ಮಾಡಿದ ಹಾಗಾಯ್ತು ಅಲ್ವಾ?

ಎಣ್ಮಕಜೆಯಿಂದ:
ಹಾಗಲ್ಲ ಅಕ್ಕಾ. ಪದ ತನ್ನ ನೇರ ಅರ್ಥ ಬಿಟ್ಟು ಅದಕ್ಕೆ ಸಂಬಂಧಪಟ್ಟ ಬೇರೆ ಅರ್ಥ ಕೊಡುವುದಕ್ಕೆ ಲಕ್ಷಣೆ ಅನ್ನುತ್ತಾರೆ. ಸಂಸ್ಕೃತದ ಕಾವ್ಯಮೀಮಾಂಸಕ ಮಮ್ಮಟ ಕಾವ್ಯಪ್ರಕಾಶದಲ್ಲಿ ಅದಕ್ಕೆ ಮೊದಲು ಕೇಳುವುದೇ ಮುಖ್ಯಾರ್ಥಕ್ಕೆ, ಅಂದರೆ ಆ ನೇರ ಅರ್ಥಕ್ಕೆ, ಅಡ್ಡಿ ಬಂತಾ ಅಂತ. ‘ಗಂಗೆಯಲ್ಲಿ ಹಳ್ಳಿ’ ಅಂದರೆ ಹರಿಯುವ ನೀರಲ್ಲಿ ಹಳ್ಳಿ ನಿಲ್ಲುವುದಿಲ್ಲ, ಮನಸ್ಸು ದಡಕ್ಕೆ ಹೋಗುತ್ತದೆ. ಆದರೆ ದಡ ಅನ್ನದೆ ಗಂಗೆ ಅಂದದ್ದರಿಂದ ಅದರ ತಂಪು, ಪಾವನತೆ ಎಲ್ಲ ಹಳ್ಳಿಗೂ ಬಂತು. ನಿಮಗೆ ಬಾವಿ ಅಂದರೆ ಕೆಳಗೆ ತೋಡಿದ್ದು. ಅಡ್ಡಿ ಬಂತು, ನೀವು ಅಮ್ಮನ ಹತ್ತಿರ ಹೋದಿರಿ. ನಮಗೆ ಅಡ್ಡಿಯೇ ಬರಲಿಲ್ಲ, ಗುಡ್ಡದಲ್ಲೇ ನಿಂತೆವು. ಆದರೂ ‘ಮಲಗಿ’ ಅನ್ನುವುದು ನಮಗೂ ಲಕ್ಷಣೆಯೇ, ಸುರಂಗಕ್ಕೆ ನಿದ್ದೆ ಎಲ್ಲಿಂದ? ದಿನಾ ಹೇಳಿ ಹೇಳಿ ನಾನೇ ಅದನ್ನು ಮರೆತಿದ್ದೆ, ನಿಮ್ಮ ಅಮ್ಮನ ಸಾಲು ಓದಿದ ಮೇಲೆ ಹೊಳೆಯಿತು.

ಬಾಯಾರಿನ ತಮ್ಮಾ, ‘ಬಲದ ಗೋಡೆ’ ಪ್ರಾಸಕ್ಕಾಗಿ ಹಾಕಿದ್ದಾ?

ಬಾಯಾರಿನಿಂದ:
ಇಲ್ಲ ಅಣ್ಣಾ. ನಮ್ಮದರಲ್ಲಿ ಒಸರು ಇರುವುದೇ ಬಲಕ್ಕೆ. ಎಡಬದಿ ಮುಟ್ಟಿದರೆ ಬರೀ ಒಣ ಕಲ್ಲು.