ಯಾರೂ ಇಲ್ಲದ ದ್ವೀಪದಲ್ಲಿ ಸರದಿ

"ಯಾರೂ ಕಾಲಿಡದ ದ್ವೀಪ, ನೋಡು" ಎಂದು ಸೀನು ಮೊಬೈಲನ್ನು ವೆಂಕಣ್ಣನ ಮೂಗಿಗೆ ಹಿಡಿದ.

ವೆಂಕಣ್ಣ ಕನ್ನಡಕವನ್ನು ಹಣೆಗೇರಿಸಿ, ಮೊಬೈಲನ್ನು ಒಂದು ಮೊಳ ದೂರ ಸರಿಸಿ ನೋಡಿದ. ನೀಲಿ ನೀರಿನಲ್ಲಿ ಹಸಿರು ಟೋಪಿ ಹಾಕಿಕೊಂಡು ಅಣಬೆಗಳಂತೆ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡಗಳು. ಅವುಗಳ ಮುಂದೆ, ನಮಗೆ ಬೆನ್ನು ಹಾಕಿ, ಎರಡೂ ಕೈ ಚಾಚಿಕೊಂಡು ಸೀನು.

"ಇಷ್ಟು ಎತ್ತರಕ್ಕೆ ಹೇಗೆ ಹತ್ತಿದೆ?"

"ಮರದ ಮೆಟ್ಟಿಲುಗಳಿವೆ. ಮುನ್ನೂರಕ್ಕೂ ಹೆಚ್ಚು. ಪಿಯಾನೆಮೋ ಎಂದು ಆ ಜಾಗದ ಹೆಸರು, ಇಂಡೊನೇಷ್ಯಾದಲ್ಲಿ."

"ಯಾರೂ ಕಾಲಿಡದ ದ್ವೀಪಕ್ಕೆ ಮುನ್ನೂರು ಮೆಟ್ಟಿಲು" ಎಂದು ವೆಂಕಣ್ಣ ತಲೆದೂಗಿದ. "ಕೈಯಲ್ಲಿ ನಡೆದು ಕಟ್ಟಿರಬೇಕು, ಪಾಪ."

ಗುಂಡಣ್ಣನಿಗೆ ನಿಜವಾದ ಕುತೂಹಲ. ಅವನು ಮುಂದಿನ ವರ್ಷ ತಾನೂ ಹೋಗುತ್ತೇನೆಂದು ಮನೆಯಲ್ಲಿ ಹೇಳಿಬಿಟ್ಟಿದ್ದಾನೆ. "ತುಂಬ ಜನ ಇದ್ದರೇ?" ಎಂದು ಕೇಳಿದ.

"ಜನವೇ ಇಲ್ಲ ಮಾರಾಯ. ಈ ಫೋಟೋ ತೆಗೆಯುವ ಜಾಗದಲ್ಲಿ ಮಾತ್ರ ಸ್ವಲ್ಪ ಸರದಿ ಇತ್ತು. ನಾನು ಹನ್ನೊಂದನೆಯವನು."

ಇಷ್ಟು ಸಾಕಾಯಿತು. ವೆಂಕಣ್ಣನಿಗೆ 'ಯಾರೂ ಇಲ್ಲದ' ಎಂಬ ಪದ ಕೇಳಿದರೆ ಮೈ ಉರಿಯುತ್ತದೆ. ಮೊಣಕಾಲಿಗಿಂತ ಮೇಲೆ ನೀರು ಬಂದರೆ ದೇವರ ನಾಮ ಹೇಳುವ ಪ್ರಾಣಿ ಅವನು. ಆದರೆ ಭೂಪಟದಲ್ಲಿ ಅವನು ಸುತ್ತದ ಸಮುದ್ರವಿಲ್ಲ.

"ಮೊದಲು ಎಲ್ಲರೂ ಹೋಗುವ ಕಡೆಗೆ ಎಲ್ಲರೂ ಹೋಗುತ್ತಿದ್ದರು. ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಈಗ ಯಾರೂ ಹೋಗದ ಕಡೆಗೆ ಎಲ್ಲರೂ ಹೋಗುತ್ತಾರೆ. ಹನ್ನೊಂದನೆಯವನಾಗಿ ನಿಂತು, ಹತ್ತು ಜನ ಪಕ್ಕಕ್ಕೆ ಸರಿಯುವವರೆಗೂ ಕಾದು, 'ನಾನೊಬ್ಬನೇ' ಎಂದು ಕೈ ಚಾಚುತ್ತಾರೆ. ದೇವಸ್ಥಾನದ ಸರದಿಯಲ್ಲಿ ನಿಂತವನು ದೇವರು ನನಗೊಬ್ಬನಿಗೇ ಸ್ವಂತ ಎಂದು ಹೇಳುವುದಿಲ್ಲವಪ್ಪ."

"ನಿನಗೆ ಹೊಟ್ಟೆಕಿಚ್ಚು" ಎಂದ ಸೀನು. "ಹಾಯಿಹಡಗಿನಲ್ಲಿ ಎಂಟು ದಿನ! ಪಿನಿಸಿ ಎನ್ನುತ್ತಾರೆ. ಎರಡು ಕೂವೆಮರ, ಏಳು ಹಾಯಿ. ಅಲ್ಲಿನ ಸುಲಾವೆಸಿ ದ್ವೀಪದ ದಕ್ಷಿಣ ಭಾಗದ ಬಡಗಿಗಳು ದಡದ ಮರಳಿನ ಮೇಲೆಯೇ ಕಟ್ಟುತ್ತಾರೆ. ಮೊದಲು ಹೊರಗಿನ ಹಲಗೆಗಳನ್ನು ಜೋಡಿಸಿ, ಆಮೇಲೆ ಒಳಗೆ ಪಕ್ಕೆಲುಬು ಕೂರಿಸುತ್ತಾರೆ."

"ಇದು ನಮ್ಮ ಗುಂಡಣ್ಣನ ಯೋಜನೆಯ ಹಾಗಿದೆ" ಎಂದರು ಪದ್ದಕ್ಕ. "ಮೊದಲು ಹೊರಗೆ ಹೇಳುವುದು, ಆಮೇಲೆ ಒಳಗೆ ಎಲುಬು ಹುಡುಕುವುದು."

"ನಗಬೇಡಿ ಪದ್ದಕ್ಕ. 2017ರಲ್ಲಿ ಯುನೆಸ್ಕೋ ಆ ಕಲೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ."

"ಸೇರಿಸಲಿ, ಸಂತೋಷ" ಎಂದ ವೆಂಕಣ್ಣ. "ಎಂಟು ದಿನದಲ್ಲಿ ಹಾಯಿ ಎಷ್ಟು ಸಲ ಬಿಚ್ಚಿದರು?"

ಸೀನು ಕೆಮ್ಮಿದ. "ಒಂದು ಸಲ."

"ಗಾಳಿ ಬಂದಾಗಲೋ?"

"ಡ್ರೋನ್ ಬಂದಾಗ."

ಉಳಿದ ಏಳು ದಿನ ಡೀಸೆಲ್ ಎಂಜಿನ್ ಗುಡುಗುಡು ಎನ್ನುತ್ತಿತ್ತಂತೆ. ಹಾಯಿ ಬಿಚ್ಚಿದ ಇಪ್ಪತ್ತು ನಿಮಿಷ ಮಾತ್ರ ಪ್ರಯಾಣಿಕರೆಲ್ಲರೂ ಹಡಗಿನ ಮೂತಿಯ ಕಡೆ ಹೋಗಿ, ದಿಗಂತದಲ್ಲಿ ಏನೋ ಕಳೆದುಕೊಂಡವರಂತೆ ನೋಡುತ್ತ ನಿಂತರಂತೆ. ಪಟ ಆದಮೇಲೆ ಹಾಯಿ ಮಡಚಿದರು, ದಿಗಂತವನ್ನೂ ಬಿಟ್ಟರು.

"ಇರಲಿ, ನೀರಿನೊಳಗೆ ಇಳಿದಾಗ ಹೇಗಿತ್ತು, ಅದನ್ನು ಹೇಳು" ಎಂದ ಗುಂಡಣ್ಣ, ಅವಸರಪಟ್ಟು.

ಸೀನುವಿನ ಮುಖ ಅರಳಿತು. ಮಾಂಟಾ ಸ್ಯಾಂಡಿ ಎಂಬ ಜಾಗ. ಹದಿನೈದು ಹದಿನಾರು ಮೀಟರ್ ಆಳದ ಮರಳಿನ ಮೇಲೆ, ಕಲ್ಲುಗಳ ಸಾಲಿನ ಹಿಂದೆ, ಮಂಡಿಯೂರಿ ಕುಳಿತುಕೊಳ್ಳಬೇಕು. ಮುಂದೆ ಒಂದು ಹವಳದ ದಿಬ್ಬ. ಅಲ್ಲಿಗೆ ಮಾಂಟಾ ಎಂಬ ದೊಡ್ಡ ಚಪ್ಪಟೆ ತೊರಕೆ ಮೀನುಗಳು ಮೈ ಸ್ವಚ್ಛ ಮಾಡಿಸಿಕೊಳ್ಳಲು ಬರುತ್ತವೆ. ರೆಕ್ಕೆಯಿಂದ ರೆಕ್ಕೆಗೆ ಮೂರು ನಾಲ್ಕು ಮೀಟರ್. ಬೆರಳುದ್ದದ ಮೀನುಗಳು ಅವುಗಳ ಚರ್ಮದ ಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವವರೆಗೂ ಆ ದೊಡ್ಡ ಜೀವ ಅಲುಗದೆ ತೇಲುತ್ತದೆ.

"ಕ್ಷೌರದಂಗಡಿ" ಎಂದರು ಪದ್ದಕ್ಕ.

"ಅಲ್ಲಿಯೂ ಸರದಿಯೇ?" ಎಂದ ವೆಂಕಣ್ಣ.

"ಮಾಂಟಾಗಳದ್ದು ಒಂದು, ನಮ್ಮದು ಇನ್ನೊಂದು" ಎಂದು ಸೀನು ಒಪ್ಪಿಕೊಂಡ. "ಆದರೆ ಮೊದಲ ಮಾಂಟಾ ತಲೆಯ ಮೇಲೆಯೇ ಹಾದುಹೋಯಿತು ನೋಡು, ನನಗೆ ಮೈಮೇಲೆ ಎಚ್ಚರವಿಲ್ಲ. ಗೈಡ್ ನನ್ನ ಕಡೆ ತಿರುಗಿದ. ಎಷ್ಟು ಚೆನ್ನಾಗಿದೆ ಎಂದು ಹೇಳಬೇಕು, ಬಾಯಿಯಲ್ಲಿ ಕೊಳವೆ. ಹೆಬ್ಬೆಟ್ಟು ಎತ್ತಿ ತೋರಿಸಿದೆ."

"ಸರಿ ತಾನೆ?"

"ಏನು ಸರಿ! ನೀರಿನೊಳಗೆ ಹೆಬ್ಬೆಟ್ಟು ಎತ್ತಿದರೆ 'ಮೇಲೆ ಹೋಗೋಣ' ಎಂದು ಅರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆಟ್ಟು ತೋರುಬೆರಳು ಸೇರಿಸಿ ಸುನ್ನೆ ಮಾಡಬೇಕು. ತರಗತಿಯಲ್ಲಿ ನೂರು ಸಲ ಹೇಳಿಕೊಟ್ಟಿದ್ದರು. ಅವನು ಗಾಬರಿಯಾಗಿ, ಖಚಿತವೇ ಎಂದು ಕೇಳಲು ತಾನೂ ಹೆಬ್ಬೆಟ್ಟು ಎತ್ತಿದ. ಇವನಿಗೂ ನನ್ನಷ್ಟೇ ಸಂತೋಷವಾಗಿದೆ ಎಂದುಕೊಂಡು ನಾನು ಎರಡೂ ಹೆಬ್ಬೆಟ್ಟು ಎತ್ತಿದೆ."

ಪದ್ದಕ್ಕನಿಗೆ ನಗು ತಡೆಯಲಾಗಲಿಲ್ಲ. ಗೈಡ್ ಇವನ ತೋಳು ಹಿಡಿದು, ಗುಂಪಿನ ಉಳಿದ ಮೂವರನ್ನೂ ಕರೆದುಕೊಂಡು ಮೇಲಕ್ಕೆ ಹೊರಟನಂತೆ. ಇವನು ಬೇಡ ಬೇಡ ಎಂದು ತಲೆಯಾಡಿಸಿದಷ್ಟೂ ಅವನಿಗೆ ಇವನ ತಲೆಗೇ ಏನೋ ಆಗಿದೆ ಎಂಬುದು ಗಟ್ಟಿಯಾಯಿತು. ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಒತ್ತಡದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ಗುಳ್ಳೆಯಾಗದೆ ನಿಧಾನವಾಗಿ ಹೊರಹೋಗಲಿ ಎಂದು. ಆ ಮೂರು ನಿಮಿಷವೂ ಮೂರು ದೇಶದ ಮೂವರು ಮುಖವಾಡದ ಗಾಜಿನೊಳಗಿನಿಂದ ಇವನನ್ನೇ ನೋಡುತ್ತಿದ್ದರು. ಕೆಳಗೆ ನಾಲ್ಕು ಮಾಂಟಾಗಳು ಸುತ್ತುತ್ತಿದ್ದವು.

"ಆಗ ನನಗೆ ಮನಸ್ಸಾರೆ ಅನ್ನಿಸಿತು" ಎಂದ ಸೀನು, "ಇಲ್ಲಿ ಯಾರೂ ಇರಬಾರದಿತ್ತು."

ಎಲ್ಲರೂ ನಕ್ಕರು. ವೆಂಕಣ್ಣನೂ ನಕ್ಕ, ಆದರೆ ಹಿಡಿದ ಎಳೆ ಬಿಡಲಿಲ್ಲ.

"ಆ ಸೀಮೆಯ ಹೆಸರೇನು?"

"ರಾಜಾ ಅಂಪಾಟ್. ಇಂಡೊನೇಷ್ಯಾದ ಪೂರ್ವ ತುದಿ, ಪಪುವಾ. ಸೊರಾಂಗ್ ಎಂಬ ಊರಿನವರೆಗೆ ವಿಮಾನ, ಅಲ್ಲಿಂದ ಮುಂದೆ ನೀರು."

"ರಾಜಾ ಅಂಪಾಟ್ ಎಂದರೆ?"

"ನಾಲ್ಕು ರಾಜರು. ವೈಗೆಯೋ, ಬಟಾಂಟಾ, ಸಾಲವಾಟಿ, ಮಿಸೂಲ್ ಎಂದು ನಾಲ್ಕು ದೊಡ್ಡ ದ್ವೀಪಗಳು. ಚಿಕ್ಕವು ಸಾವಿರಕ್ಕೂ ಹೆಚ್ಚು."

"ನಾಲ್ಕು ರಾಜರು! ರಾಜರು ನಾಲ್ವರಿದ್ದರೆ ಪ್ರಜೆಗಳು ಒಬ್ಬರಾದರೂ ಇದ್ದಿರಬೇಕಲ್ಲಯ್ಯ. ಇಲ್ಲದಿದ್ದರೆ ಅವರು ಕಂದಾಯ ಯಾರಿಂದ ವಸೂಲು ಮಾಡುತ್ತಿದ್ದರು, ಮಾಂಟಾಗಳಿಂದಲೇ? 1860ರಲ್ಲಿ ಆಲ್ಫ್ರೆಡ್ ವ್ಯಾಲೇಸ್ ಎಂಬ ಬ್ರಿಟಿಷ್ ನಿಸರ್ಗಶಾಸ್ತ್ರಜ್ಞ ವೈಗೆಯೋಗೆ ಹೋದ. ಕೆಂಪು ಸ್ವರ್ಗಪಕ್ಷಿಗಾಗಿ. ಬೆಸಿರ್ ಎಂಬ ಊರಿನಲ್ಲಿ, ನೆಟ್ಟಗೆ ನಿಲ್ಲಲೂ ಆಗದ ಒಂದು ಗುಡಿಸಲಿನಲ್ಲಿ ವಾಸ. ಹಕ್ಕಿ ಹಿಡಿದು ತಂದುಕೊಟ್ಟವರು ಯಾರು? ಆ ಊರಿನವರು, ಉರುಲು ಹಾಕಿ. ಅವರು ಇಲ್ಲದಿದ್ದರೆ ಅವನು ಆಕಾಶ ನೋಡಿಕೊಂಡು ವಾಪಸು ಬರಬೇಕಾಗಿತ್ತು."

"ಊರುಗಳಿವೆ, ಇಲ್ಲ ಎನ್ನಲಿಲ್ಲ. ಆದರೆ ಮೀನು ನೋಡಬೇಕು ವೆಂಕಣ್ಣ! ಜಗತ್ತಿನ ಗಟ್ಟಿ ಹವಳದ ಜಾತಿಗಳಲ್ಲಿ ಮುಕ್ಕಾಲು ಪಾಲು ಅಲ್ಲಿಯೇ ಇವೆ ಎನ್ನುತ್ತಾರೆ. ಮನುಷ್ಯರ ಕೈ ತಾಗದ್ದರಿಂದಲೇ ಅಲ್ಲವೇ ಉಳಿದದ್ದು?"

ಇದಕ್ಕಾಗಿಯೇ ಕಾಯುತ್ತಿದ್ದವನಂತೆ ವೆಂಕಣ್ಣ ಕಾಲು ಮಡಚಿ ಕುಳಿತ.

"ಕೈ ತಾಗಿದ್ದರಿಂದ ಉಳಿದದ್ದು. ಅಲ್ಲಿ ಸಾಸಿ ಎಂಬ ಕಟ್ಟಳೆ ಇದೆ. ಸಮುದ್ರದ ಒಂದು ಭಾಗಕ್ಕೆ ಊರಿನವರೇ ಬಾಗಿಲು ಹಾಕುತ್ತಾರೆ. ಇಂತಿಷ್ಟು ತಿಂಗಳು ಇಲ್ಲಿ ಬಲೆ ಬೀಸುವಂತಿಲ್ಲ, ಸಮುದ್ರಸೌತೆ ಎಂಬ ಜೀವಿಯನ್ನು ಹೆಕ್ಕುವಂತಿಲ್ಲ. ಅವಧಿ ಮುಗಿದ ಮೇಲೆ ತೆರೆಯುತ್ತಾರೆ, ಬೇಕಾದಷ್ಟು ತೆಗೆದು ಮತ್ತೆ ಮುಚ್ಚುತ್ತಾರೆ. ಪ್ರಾರ್ಥನೆ ಮಾಡಿ ಮುಚ್ಚಿದ ಮೇಲೆ ಕದಿಯಲು ಕಳ್ಳನಿಗೂ ಕೈ ನಡುಗುತ್ತದೆ. ಮಿಸೂಲಿನ ಕಪಾಟ್ಚೋಲ್ ಎಂಬ ಹಳ್ಳಿಯಲ್ಲಿ ಇದನ್ನು ನಡೆಸುವವರು ಹೆಂಗಸರು."

"ಹಾಗಾದರೆ ಅದು ಉಳಿಯುತ್ತದೆ" ಎಂದರು ಪದ್ದಕ್ಕ. "ಉಪ್ಪಿನಕಾಯಿ ಜಾಡಿಗೆ ಯಾವಾಗ ಕೈ ಹಾಕಬೇಕು ಎಂದು ಗಂಡಸರನ್ನು ಕೇಳಿದರೆ ಜಾಡಿಯೇ ಉಳಿಯುವುದಿಲ್ಲ."

"ನೀನು ನೋಡಿದ ಮಾಂಟಾ ಕೂಡ ಹಾಗೆಯೇ. ಕಿವಿರಿಗಾಗಿ ಕೊಂದು ಮಾರುತ್ತಿದ್ದರು. 2014ರಲ್ಲಿ ಇಂಡೊನೇಷ್ಯಾ ಅದನ್ನು ಹಿಡಿಯುವುದನ್ನೇ ನಿಷೇಧಿಸಿತು. ಯಾರೋ ದೋಣಿ ಹಾಕಿಕೊಂಡು ಕಾವಲು ಸುತ್ತುತ್ತಾರೆ, ಯಾರೋ ಬಲೆ ಬದಿಗಿಡುತ್ತಾರೆ. ಅವರೆಲ್ಲ ಸೇರಿ ಬಾಗಿಲು ಕಾದದ್ದಕ್ಕೆ ನಿನಗೆ ಒಳಗೆ ಜಾಗ ಸಿಕ್ಕಿತು. ನೀನು ಒಳಗೆ ಹೋಗಿ, ಆಹಾ, ಖಾಲಿ ಮನೆ ಎನ್ನುತ್ತೀಯೆ."

"ದೂರದ ದ್ವೀಪ ಎಂದಾದರೂ ಹೇಳಬಹುದೇ?" ಎಂದ ಗುಂಡಣ್ಣ ಮೆಲ್ಲಗೆ, ತನ್ನ ಪ್ರವಾಸಕ್ಕೊಂದು ವಿಶೇಷಣ ಉಳಿಸಿಕೊಳ್ಳಲು.

"ಎಲ್ಲಿಂದ ದೂರ? ಅಲ್ಲಿ ಹುಟ್ಟಿದವನಿಗೆ ನೀನು ದೂರ."

ಸೀನು ಸೋಲುವವನಲ್ಲ. "ಹಾಗಾದರೆ ನಿಜವಾಗಿ ಯಾರೂ ಇಲ್ಲದ, ಮುಳುಗು ಹಾಕಬಹುದಾದ ದ್ವೀಪವೇ ಜಗತ್ತಿನಲ್ಲಿ ಇಲ್ಲವೇ?"

"ಇದೆ" ಎಂದ ವೆಂಕಣ್ಣ. ಅವನ ಧ್ವನಿ ಸ್ವಲ್ಪ ತಗ್ಗಿತು. "ಬಿಕಿನಿ. ಮಾರ್ಷಲ್ ದ್ವೀಪಗಳಲ್ಲಿ. ಆ ದ್ವೀಪಗಳ ಜನ ತೆಂಗಿನ ಗರಿಯ ಕಡ್ಡಿಗಳನ್ನು ಕಟ್ಟಿ ಸಮುದ್ರದ ನಕ್ಷೆ ಮಾಡುತ್ತಿದ್ದರು. ಬಾಗಿದ ಕಡ್ಡಿ ಎಂದರೆ ಅಲೆ, ಕವಡೆ ಎಂದರೆ ದ್ವೀಪ. ಅದನ್ನು ದೋಣಿಯಲ್ಲಿ ಒಯ್ಯುತ್ತಿರಲಿಲ್ಲ, ಮನೆಯಲ್ಲಿಯೇ ಕಲಿತು, ಮುಂದೆ ಅಲೆ ದೋಣಿಗೆ ಬಡಿಯುವ ರೀತಿಯಲ್ಲಿಯೇ ದಾರಿ ತಿಳಿಯುತ್ತಿದ್ದರು. 1946ರಲ್ಲಿ ಅಮೆರಿಕದ ನೌಕಾಪಡೆಯವರು ಬಿಕಿನಿಗೆ ಬಂದು, ಮನುಕುಲದ ಒಳಿತಿಗಾಗಿ ಸ್ವಲ್ಪ ಕಾಲ ಊರು ಬಿಡಿ ಎಂದರು. 167 ಜನ ಬಿಟ್ಟರು. 1958ರ ಹೊತ್ತಿಗೆ ಅಲ್ಲಿ 23 ಅಣುಬಾಂಬುಗಳನ್ನು ಸಿಡಿಸಿ ಮುಗಿಸಿದ್ದರು. ಎಪ್ಪತ್ತರ ದಶಕದಲ್ಲಿ ಕೆಲವರು ವಾಪಸು ಬಂದರು. ತೆಂಗಿನಕಾಯಿಯೊಳಗೆ ವಿಕಿರಣ ಸೂಸುವ ಸೀಸಿಯಂ ಇತ್ತು. 1978ರಲ್ಲಿ ಮತ್ತೆ ಎಬ್ಬಿಸಿ ಕಳುಹಿಸಿದರು."

"ಈಗ?"

"ಈಗ ದ್ವೀಪಗಳ ಉಂಗುರದ ನಡುವಿನ ಕಡಲಕೊಳದ ತಳದಲ್ಲಿ ಬಾಂಬು ಪರೀಕ್ಷೆಗೆ ಮುಳುಗಿಸಿದ ಯುದ್ಧನೌಕೆಗಳಿವೆ. ಸಾರಟೋಗಾ ಎಂಬ ವಿಮಾನವಾಹಕವಿದೆ. ಅದನ್ನು ನೋಡಲು ಮುಳುಗುವವರು ಬರುತ್ತಾರೆ. ಮೀನು ಹೇರಳ, ಮರಳು ಬಿಳಿ, ಮರದ ತುಂಬ ಕಾಯಿ. ಕಾವಲಿಗಿರುವ ನಾಲ್ಕಾರು ಜನರನ್ನು ಬಿಟ್ಟರೆ ಯಾರೂ ಇಲ್ಲ. ಫೋಟೋಕ್ಕೆ ಸರದಿಯೂ ಇರುವುದಿಲ್ಲ."

ಯಾರೂ ಮಾತನಾಡಲಿಲ್ಲ. ನಮ್ಮ ಕೂಟದಲ್ಲಿ ಇಂಥ ಮೌನ ಅಪರೂಪ. ನೀರಿನೊಳಗೆ ಹೀಗೆಯೇ ಇರುತ್ತದೇನೋ ಎಂದು ನನಗೆ ಅನ್ನಿಸಿತು.

ಮೌನ ಮುರಿದವರು ಪದ್ದಕ್ಕ. ಅವರು ಇಷ್ಟು ಹೊತ್ತೂ ಸೀನುವಿನ ಮೊಬೈಲನ್ನೇ ನೋಡುತ್ತಿದ್ದರು. "ಅಲ್ಲ ಸೀನು, ನೀನೊಬ್ಬನೇ ಇದ್ದ ಈ ಫೋಟೋ ತೆಗೆದವರು ಯಾರು?"

"ಗೈಡ್."

"ಹೆಬ್ಬೆಟ್ಟಿನವನೇ?"

"ಅವನೇ. ಒಳ್ಳೆಯ ಹುಡುಗ. ನನಗೆ ಗಾಳಿ ಬೇಗ ಖಾಲಿಯಾಗುತ್ತಿತ್ತು, ಇಪ್ಪತ್ತು ಮೀಟರ್ ಆಳದಲ್ಲಿ ಒಂದೊಂದು ಉಸಿರಿಗೆ ಮೂರು ಉಸಿರಿನ ಗಾಳಿ ಹೋಗುತ್ತದಲ್ಲ, ಅದರಲ್ಲಿ ನನ್ನ ಗಾಬರಿ ಬೇರೆ. ಒಂದು ದಿನ ಗಾಳಿಯ ಮಾಪಕದ ಮುಳ್ಳು ಕೆಂಪು ಗೆರೆಗೆ ಬಂದುಬಿಟ್ಟಿತು. ಅವನು ಏನೂ ಅವಸರ ಮಾಡದೆ ತನ್ನ ಎರಡನೆಯ ಕೊಳವೆಯನ್ನು ನನ್ನ ಬಾಯಿಗೆ ಕೊಟ್ಟ. ಅವನ ಸಿಲಿಂಡರಿನ ಗಾಳಿ ಕುಡಿದುಕೊಂಡು, ಅವನ ಪಟ್ಟಿ ಹಿಡಿದುಕೊಂಡು ಮೇಲೆ ಬಂದೆ."

"ಹೆಸರೇನು?"

ಸೀನು ಬಾಯಿ ತೆರೆದ. ಮುಚ್ಚಿದ. "ಇರಿ" ಎಂದು ಚೀಲದಿಂದ ಚಿಕ್ಕ ನೀಲಿ ಪುಸ್ತಕ ತೆಗೆದ. ಮುಳುಗಿನ ದಿನಚರಿ. ಹದಿನಾಲ್ಕು ಮುಳುಗು, ಹದಿನಾಲ್ಕು ಪುಟ. ಇಳಿದ ಆಳ, ಇದ್ದ ನಿಮಿಷ, ನೀರಿನ ಉಷ್ಣಾಂಶ, ಸಿಲಿಂಡರಿನ ಗಾಳಿಯ ಒತ್ತಡ ಹೋಗುವಾಗ 200 ಬಾರ್, ಬರುವಾಗ 50, ಒಮ್ಮೆ 20. ಕಂಡ ಮೀನುಗಳ ಹೆಸರುಗಳು ಮೂರು ಮೂರು ಸಾಲು. ಪ್ರತಿ ಪುಟದ ಕೆಳಗೂ ಗೈಡಿನ ಸಹಿ.

"ಇದು ಎಂ... ಅಥವಾ ಡಬ್ಲ್ಯೂ" ಎಂದು ಸೀನು ಪುಸ್ತಕವನ್ನು ಬೆಳಕಿಗೆ ಹಿಡಿದ.

"ಅಲೆ ಬರೆದ ಹಾಗಿದೆ" ಎಂದ ಗುಂಡಣ್ಣ.

ಪದ್ದಕ್ಕ ಇನ್ನೂ ಫೋಟೋ ಬಿಟ್ಟಿರಲಿಲ್ಲ. "ಕೆಳಗೆ ಏನೋ ಕತ್ತರಿಸಿದ ಹಾಗಿದೆ."

"ಒಂದು ನೆರಳು ಬಿದ್ದಿತ್ತು. ಚೆನ್ನಾಗಿ ಕಾಣುವುದಿಲ್ಲ ಎಂದು ತೆಗೆದೆ." ಅವನು ಮೊಬೈಲು ತೆಗೆದುಕೊಂಡು ಎರಡು ಕಡೆ ಒತ್ತಿ, ಮೂಲ ಫೋಟೋ ತೆರೆದ. ನಾವೆಲ್ಲ ಬಗ್ಗಿದೆವು. ಮರದ ಹಲಗೆಗಳ ಮೇಲೆ, ಸೀನುವಿನ ಹಿಮ್ಮಡಿಯವರೆಗೂ ಚಾಚಿದ ಒಂದು ಉದ್ದನೆಯ ನೆರಳು. ಮೊಣಕೈಗಳು ಎರಡೂ ಕಡೆ ಹೊರಗೆ. ಒಂದು ಮೊಣಕೈಯಿಂದ ಜೋಡಿ ಚಪ್ಪಲಿ ತೂಗುತ್ತಿದ್ದವು.

"ಚಪ್ಪಲಿ?"

"ನನ್ನವು" ಎಂದ ಸೀನು. "ಫೋಟೋಕ್ಕೆ ಬರಿಗಾಲು ಚೆನ್ನಾಗಿರುತ್ತದೆ ಎಂದಿದ್ದೆ."

ವೆಂಕಣ್ಣನ ಬಾಯಿಗೆ ಮಾತು ಬಂದದ್ದನ್ನು ನಾನು ಕಂಡೆ. ಅವನು ಅದನ್ನು ನುಂಗಿಕೊಂಡು ಕನ್ನಡಕ ಒರೆಸತೊಡಗಿದ.

ಗುಂಡಣ್ಣ ಸ್ವಲ್ಪ ಹೊತ್ತು ಕಾದು ನೋಡಿದ. ಕೊನೆಗೆ ತಡೆಯಲಾರದೆ, "ಈಗ ನಾನು ಹೋಗಲೋ ಬೇಡವೋ, ಅದನ್ನಾದರೂ ಹೇಳಿ" ಎಂದ.

"ಹೋಗು" ಎಂದ ಸೀನು, ದಿನಚರಿಯ ಪುಟದಿಂದ ಕಣ್ಣೆತ್ತದೆ. "ಹೋದರೆ ಅವನ ಹೆಸರು ಕೇಳಿಕೊಂಡು ಬಾ."

"ಆಗಲಿ" ಎಂದ ಗುಂಡಣ್ಣ. ಎರಡು ಕ್ಷಣ ಯೋಚಿಸಿದ. "ಆದರೆ ಅಲ್ಲಿ ಹೋಗಿ, ಯಾರ ಹೆಸರು ಎಂದು ಕೇಳಲಿ?"